ಮಂಡಿ ಸವೆತದ ಹಿಂದಿನ ಮಾತುಕತೆ: ಆಸ್ಟಿಯೋಆರ್ಥ್ರೈಟಿಸ್ ಮತ್ತು ಜೀವಕೋಶಗಳ ಸಿಗ್ನಲ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಎಕ್ಸ್‌ರೇ ನೋಡಿ "ಮಂಡಿ ಸವೆದಿದೆ" ಅಂತ ಹೇಳಿದ ಕ್ಷಣ ಹೆಚ್ಚಿನವರ ಮನಸ್ಸಿನಲ್ಲಿ ಒಂದು ಚಿತ್ರ ಕೂತುಬಿಡುತ್ತದೆ. ಗಾಡಿಯ ಟೈರು ಸವೆದ ಹಾಗೆ ಕೀಲು ಸವೆದಿದೆ, ಇನ್ನು ಕಡಿಮೆ ಬಳಸಿದಷ್ಟೂ ಒಳ್ಳೆಯದು ಅಂತ. ನನ್ನ ಅಮ್ಮ ಕೂಡ ಹಾಗೇ ಅಂದುಕೊಂಡಿದ್ದರು. ಒಂದು ವರ್ಷ ಮೆಟ್ಟಿಲು ಹತ್ತುವುದು ಬಿಟ್ಟರು, ನಡೆಯುವುದು ಬಿಟ್ಟರು. ನೋವು ಕಡಿಮೆ ಆಗಲಿಲ್ಲ. ತೊಡೆ ಮಾತ್ರ ಸಣ್ಣಗಾಯಿತು.

ಆಮೇಲೆ ಈ ಕಾಯಿಲೆ ಬಗ್ಗೆ ಓದುತ್ತಾ ಹೋದೆ. ಟೈರಿನ ಹೋಲಿಕೆಯೇ ಸರಿಯಿಲ್ಲ ಅಂತ ಗೊತ್ತಾಯಿತು. ಟೈರಿಗೆ ಜೀವ ಇಲ್ಲ, ಕೀಲಿಗೆ ಇದೆ. ಅದರೊಳಗಿನ ಜೀವಕೋಶಗಳು ದಿನವಿಡೀ ಸುದ್ದಿ ಕೇಳಿಸಿಕೊಳ್ಳುತ್ತವೆ, ಉತ್ತರ ಕೊಡುತ್ತವೆ. ಈ ಮಾತುಕತೆ ಹಳಿ ತಪ್ಪಿದಾಗ ಕಾಯಿಲೆ ಬೆಳೆಯುತ್ತದೆ. ಅದನ್ನು ಅರ್ಥ ಮಾಡಿಕೊಂಡರೆ ಭಯ ಎಷ್ಟೋ ಕಡಿಮೆ ಆಗುತ್ತದೆ. ಹಾಗಾಗಿ ಜನ ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಆಸ್ಟಿಯೋಆರ್ಥ್ರೈಟಿಸ್ ಅಂದರೆ ಸವೆತವೇ ಅಲ್ವಾ?

ಸವೆತ ಕೊನೆಯಲ್ಲಿ ಕಣ್ಣಿಗೆ ಕಾಣುವ ಫಲ. ಮೂಳೆಯ ತುದಿಗೆ ಹೊದಿಸಿದ ನುಣುಪಾದ ಮೆತ್ತೆ, ಅಂದರೆ ಕಾರ್ಟಿಲೇಜ್, ತೆಳುವಾಗುತ್ತದೆ ಎನ್ನುವುದು ನಿಜ. ಆದರೆ ಅದು ಬರೀ ತಿಕ್ಕಾಟದಿಂದ ಉದುರಿ ಹೋಗುವುದಿಲ್ಲ. ಅಲ್ಲಿರುವ ಜೀವಕೋಶಗಳೇ ಕಿಣ್ವಗಳನ್ನು ಹೊರಬಿಟ್ಟು ತಮ್ಮ ಸುತ್ತಲಿನ ಮೆತ್ತೆಯನ್ನು ಕತ್ತರಿಸುತ್ತವೆ. ಅದೇ ಹೊತ್ತಿಗೆ ಕೀಲಿನ ಒಳಪೊರೆ ಊದಿಕೊಳ್ಳುತ್ತದೆ, ಕೆಳಗಿನ ಮೂಳೆ ಗಟ್ಟಿಯಾಗುತ್ತದೆ, ಅಂಚಿನಲ್ಲಿ ಮುಳ್ಳಿನಂಥ ಹೊಸ ಮೂಳೆ ಬೆಳೆಯುತ್ತದೆ. ಬರೀ ಸವೆತವಾಗಿದ್ದರೆ ಹೊಸ ಮೂಳೆ ಯಾಕೆ ಬೆಳೆಯಬೇಕು ಹೇಳಿ? ಯಾರೋ "ಬೆಳೆ" ಅಂತ ಹೇಳಿದ್ದಾರೆ, ಅದಕ್ಕೇ ಬೆಳೆದಿದೆ.

ಈಗ ಇದನ್ನು ಇಡೀ ಕೀಲಿನ ಕಾಯಿಲೆ ಅಂತಲೇ ನೋಡುತ್ತಾರೆ. 2020ರಲ್ಲಿ ಪ್ರಪಂಚದಲ್ಲಿ ಸುಮಾರು 59.5 ಕೋಟಿ ಜನರಿಗೆ ಇದು ಇತ್ತು ಅಂತ ಅಂದಾಜು ಇದೆ.

ಸಿಗ್ನಲಿಂಗ್ ಪಾಥ್‌ವೇ ಅಂತಾರಲ್ಲ, ಸರಳವಾಗಿ ಹೇಳಿ.

ಮನೆ ಬಾಗಿಲಿಗೆ ಯಾರೋ ಬಂದು ಕಾಲಿಂಗ್ ಬೆಲ್ ಒತ್ತುತ್ತಾರೆ. ಮಗು ಓಡಿ ಬಂದು ಅಜ್ಜಿಗೆ ಹೇಳುತ್ತದೆ. ಅಜ್ಜಿ ಒಳಗೆ ಕೂಗಿ ಹೇಳುತ್ತಾರೆ. ಒಳಕೋಣೆಯಲ್ಲಿದ್ದವರು ಎದ್ದು ಏನು ಮಾಡಬೇಕೋ ಅದನ್ನು ಮಾಡುತ್ತಾರೆ. ಜೀವಕೋಶದಲ್ಲೂ ಹೀಗೇ ನಡೆಯುತ್ತದೆ. ಹೊರಗಿನಿಂದ ಒಂದು ಅಣು ಬಂದು ಕೋಶದ ಹೊರಪೊರೆಯಲ್ಲಿರುವ ರಿಸೆಪ್ಟರ್‌ಗೆ ಅಂಟುತ್ತದೆ. ಆ ಸುದ್ದಿ ಒಂದು ಪ್ರೋಟೀನಿನಿಂದ ಇನ್ನೊಂದಕ್ಕೆ ದಾಟುತ್ತಾ ಕೋಶದ ನಡುವಿನ ನ್ಯೂಕ್ಲಿಯಸ್ ತಲುಪುತ್ತದೆ. ಅಲ್ಲಿ ಕೆಲವು ಜೀನ್‌ಗಳು ಆನ್ ಆಗುತ್ತವೆ, ಕೆಲವು ಆಫ್. ಈ ಇಡೀ ಸರಪಣಿಗೆ ಸಿಗ್ನಲ್ ದಾರಿ ಅಂತ ಕರೆಯೋಣ.

ಒಂದು ಮಾತು ನೆನಪಿಡಿ. ಈ ದಾರಿಗಳು ಕಾಯಿಲೆಗಾಗಿ ಹುಟ್ಟಿದವಲ್ಲ. ಗಾಯ ಮಾಯಲು, ಮೂಳೆ ಬೆಳೆಯಲು, ಸೋಂಕಿನ ಜೊತೆ ಹೋರಾಡಲು ನಮಗೆ ಇವೇ ಬೇಕು.

ಕಾರ್ಟಿಲೇಜ್ ಒಳಗೆ ಅಂಥದ್ದೇನಿದೆ?

ಹತ್ತಿರದಿಂದ ನೋಡೋಣ. ಮಂಡಿಯ ಕಾರ್ಟಿಲೇಜ್ ಕೆಲವೇ ಮಿಲಿಮೀಟರ್ ದಪ್ಪ. ಅದರಲ್ಲಿ ಬಹುಪಾಲು ನೀರು. ಆ ನೀರನ್ನು ಹಿಡಿದಿಟ್ಟುಕೊಳ್ಳುವುದು ಅಗ್ರಿಕಾನ್ ಎಂಬ ದೊಡ್ಡ ಅಣು. ಬಾಟಲಿ ತೊಳೆಯುವ ಬ್ರಷ್ ನೋಡಿದ್ದೀರಲ್ಲ, ಹೆಚ್ಚು ಕಡಿಮೆ ಅದೇ ಆಕಾರ. ನಡುವೆ ಒಂದು ಕಡ್ಡಿ, ಸುತ್ತಲೂ ಸಕ್ಕರೆ ಸರಪಣಿಗಳ ಕೂದಲು. ಆ ಕೂದಲಿನ ತುಂಬ ಋಣ ವಿದ್ಯುತ್ ಇರುವುದರಿಂದ ಅದು ನೀರನ್ನು ಎಳೆದು ಉಬ್ಬಿಕೊಳ್ಳುತ್ತದೆ. ಉಬ್ಬಿ ಒಡೆದು ಹೋಗದ ಹಾಗೆ ಟೈಪ್ 2 ಕೊಲಾಜನ್ ಎಂಬ ನಾರಿನ ಬಲೆ ಬಿಗಿಯಾಗಿ ಹಿಡಿದಿರುತ್ತದೆ. ನೀವು ಹೆಜ್ಜೆ ಇಟ್ಟಾಗ ನೀರು ಸ್ವಲ್ಪ ಹೊರಗೆ ಹಿಂಡಿಕೊಳ್ಳುತ್ತದೆ. ಕಾಲು ಎತ್ತಿದಾಗ ಮತ್ತೆ ಒಳಗೆ ಬರುತ್ತದೆ.

ಈ ಬಲೆಯ ನಡುವೆ, ಪುಟ್ಟ ಗೂಡುಗಳಲ್ಲಿ, ಒಂಟಿಯಾಗಿ ಕೂತಿರುವ ಕೋಶವೇ ಕಾಂಡ್ರೋಸೈಟ್. ಇಡೀ ಕಾರ್ಟಿಲೇಜಿನಲ್ಲಿ ಇವುಗಳ ಪಾಲು ನೂರಕ್ಕೆ ಕೆಲವೇ ಅಂಶ. ಹತ್ತಿರದಲ್ಲಿ ರಕ್ತನಾಳ ಇಲ್ಲ, ನರ ಇಲ್ಲ. ಊಟ ಬರುವುದು ಹೆಚ್ಚಾಗಿ ಕೀಲಿನ ದ್ರವದಿಂದ, ಅದೂ ಇಂಗುತ್ತಾ ಇಂಗುತ್ತಾ. ಅಷ್ಟು ದೊಡ್ಡ ಜಾಗ ನೋಡಿಕೊಳ್ಳುವ ಹೊಣೆ ಇಷ್ಟೇ ಕೋಶಗಳ ಮೇಲಿದೆ.

ಕೊಲಾಜನ್ ಬಲೆಯ ವಿಷಯದಲ್ಲಿ ನನ್ನನ್ನು ತುಂಬ ತಟ್ಟಿದ ಸಂಗತಿ ಒಂದಿದೆ. 1950 ಮತ್ತು 60ರ ದಶಕಗಳ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್-14 ಜಾಸ್ತಿಯಾಗಿತ್ತು. ಆಗ ದೇಹ ಯಾವ ಅಂಗಾಂಶ ಕಟ್ಟಿಕೊಂಡಿತೋ ಅದರಲ್ಲಿ ಆ ಗುರುತು ಉಳಿದುಬಿಟ್ಟಿದೆ. 2016ರಲ್ಲಿ ಬಂದ ಒಂದು ಅಧ್ಯಯನ ಈ ಗುರುತನ್ನು ಮಂಡಿಯ ಕಾರ್ಟಿಲೇಜಿನಲ್ಲಿ ಅಳೆಯಿತು. ನಾವು ಬೆಳೆಯುವ ವಯಸ್ಸಿನಲ್ಲಿ ಕಟ್ಟಿಕೊಂಡ ಕೊಲಾಜನ್ನೇ ಕೊನೆವರೆಗೂ ಇರುತ್ತದೆ, ದೊಡ್ಡವರಾದ ಮೇಲೆ ಅದು ಹೊಸದಾಗುವುದೇ ಇಲ್ಲ ಎನ್ನುವಷ್ಟು ಕಡಿಮೆ ಅಂತ ಕಂಡುಬಂತು. ಅಗ್ರಿಕಾನ್ ಹೋದರೆ ಮತ್ತೆ ಮಾಡಿಕೊಳ್ಳಬಹುದು. ಬಲೆ ಹರಿದರೆ ಕಷ್ಟ. ಅದಕ್ಕೇ ಕತ್ತರಿಸುವ ಆಜ್ಞೆ ಎಲ್ಲಿಂದ ಹೊರಡುತ್ತದೆ ಎಂಬ ಪ್ರಶ್ನೆ ಇಷ್ಟು ದೊಡ್ಡದು.

ಆ ಆಜ್ಞೆ ಎಲ್ಲಿಂದ ಹೊರಡುತ್ತದೆ?

ಹಲವು ದಾರಿಗಳಿಂದ. ಅವುಗಳಲ್ಲಿ ಅತಿ ಹೆಚ್ಚು ಓಡಾಟ ಇರುವ ಹೆದ್ದಾರಿ ಎನ್‌ಎಫ್-ಕಪ್ಪಾ-ಬಿ. 1986ರಲ್ಲಿ ರಂಜನ್ ಸೇನ್ ಮತ್ತು ಡೇವಿಡ್ ಬಾಲ್ಟಿಮೋರ್ ಇದನ್ನು ರೋಗನಿರೋಧಕ ವ್ಯವಸ್ಥೆಯ ಬಿ ಕೋಶಗಳಲ್ಲಿ ಗುರುತಿಸಿದರು. ಆಮೇಲೆ ದೇಹದ ಹೆಚ್ಚುಕಡಿಮೆ ಎಲ್ಲ ಕೋಶಗಳಲ್ಲೂ ಅದು ಇದೆ ಅಂತ ಗೊತ್ತಾಯಿತು.

ಸಾಮಾನ್ಯ ದಿನಗಳಲ್ಲಿ ಎನ್‌ಎಫ್-ಕಪ್ಪಾ-ಬಿ ಕೋಶದ ದ್ರವದಲ್ಲಿ ಕಟ್ಟಿಹಾಕಿದ ಸ್ಥಿತಿಯಲ್ಲಿರುತ್ತದೆ. ಕಟ್ಟಿಹಾಕಿರುವುದು ಐ-ಕಪ್ಪಾ-ಬಿ ಎಂಬ ಪ್ರೋಟೀನ್. ಹೊರಗಿನಿಂದ ಇಂಟರ್‌ಲ್ಯುಕಿನ್-1 ಅಥವಾ ಟಿಎನ್‌ಎಫ್-ಆಲ್ಫಾದಂಥ ಉರಿಯೂತದ ಸುದ್ದಿ ಬಂದರೆ ಕಟ್ಟು ಬಿಚ್ಚಿ ನಾಶವಾಗುತ್ತದೆ. ಬಿಡುಗಡೆಯಾದ ಎನ್‌ಎಫ್-ಕಪ್ಪಾ-ಬಿ ನ್ಯೂಕ್ಲಿಯಸ್ ಒಳಗೆ ಹೋಗಿ ಜೀನ್‌ಗಳನ್ನು ಎಬ್ಬಿಸುತ್ತದೆ. ಆಗ ತಯಾರಾಗುವ ಎರಡು ಕತ್ತರಿಗಳ ಹೆಸರು ತಿಳಿದಿರಲಿ: ಅಗ್ರಿಕಾನ್ ಕತ್ತರಿಸುವ ಎಡಿಎಎಂಟಿಎಸ್-5, ಕೊಲಾಜನ್ ಕತ್ತರಿಸುವ ಎಂಎಂಪಿ-13.

ಇಷ್ಟಕ್ಕೇ ನಿಂತಿದ್ದರೆ ಪರವಾಗಿರಲಿಲ್ಲ. ಕತ್ತರಿಸಿದ ಚೂರುಗಳು ಅಲ್ಲೇ ತೇಲಾಡುತ್ತವೆ. ಅಗ್ರಿಕಾನಿನ ಚೂರು, ಫೈಬ್ರೋನೆಕ್ಟಿನ್ ಎಂಬ ಇನ್ನೊಂದು ಪ್ರೋಟೀನಿನ ಚೂರು. ಅಕ್ಕಪಕ್ಕದ ಕೋಶಗಳು ಅವನ್ನು ಅಪಾಯದ ಸೂಚನೆ ಅಂತ ಓದುತ್ತವೆ. ಕೀಲಿನ ಒಳಪೊರೆಯಲ್ಲಿರುವ ಕೋಶಗಳೂ ಹಾಗೇ ಓದಿ ಮತ್ತಷ್ಟು ಉರಿಯೂತದ ಅಣುಗಳನ್ನು ದ್ರವಕ್ಕೆ ಬಿಡುತ್ತವೆ. ಮತ್ತೆ ಎನ್‌ಎಫ್-ಕಪ್ಪಾ-ಬಿ ಏಳುತ್ತದೆ, ಮತ್ತೆ ಕತ್ತರಿ, ಮತ್ತೆ ಚೂರು. ಬೆಂಕಿಯ ಕಿಡಿ ತನಗೆ ಬೇಕಾದ ಕಟ್ಟಿಗೆಯನ್ನು ತಾನೇ ಒಡೆದುಕೊಂಡ ಹಾಗೆ.

ಎಂಎಪಿಕೆ ಅಂತ ಒಂದು ಹೆಸರು ಎಲ್ಲ ಕಡೆ ಬರುತ್ತದಲ್ಲ?

ಅದು ಪಕ್ಕದ ರಸ್ತೆ. ಅದರಲ್ಲಿ ಮೂರು ಕವಲು: ಇಆರ್‌ಕೆ, ಜೆಎನ್‌ಕೆ, ಪಿ38. ಉರಿಯೂತದ ಸುದ್ದಿ, ಒತ್ತಡ, ಪೆಟ್ಟು, ಎಲ್ಲವೂ ಇದರ ಮೂಲಕವೂ ಹೋಗುತ್ತವೆ. ಕೊನೆಗೆ ಅದೇ ಎಂಎಂಪಿ-13 ತಯಾರಾಗುತ್ತದೆ. ಒಂದು ರಸ್ತೆ ಮುಚ್ಚಿದರೆ ಸುದ್ದಿ ಇನ್ನೊಂದರಲ್ಲಿ ಬರುತ್ತದೆ ಎನ್ನುವುದಕ್ಕೆ ಇದು ಒಳ್ಳೆಯ ಉದಾಹರಣೆ. ಔಷಧ ಹುಡುಕುವವರಿಗೆ ಇದೇ ತಲೆನೋವು.

ವಿಂಟ್ ದಾರಿಯನ್ನು ಮುಚ್ಚಿದರೆ ಕಾಯಿಲೆ ನಿಲ್ಲುತ್ತದಾ?

ಹಾಗೆ ಅಂದುಕೊಂಡು ಶುರು ಮಾಡಿದವರಿದ್ದರು. ಮೊದಲು ಹೆಸರಿನ ಕಥೆ. ರೆಕ್ಕೆ ಇಲ್ಲದೆ ಹುಟ್ಟುವ ಹಣ್ಣಿನ ನೊಣದಲ್ಲಿ ಕೆಟ್ಟ ಜೀನಿಗೆ ವಿಂಗ್‌ಲೆಸ್ ಅಂತ ಹೆಸರಿತ್ತು. ಇಲಿಯ ಸ್ತನದ ಗೆಡ್ಡೆಗಳಲ್ಲಿ 1982ರಲ್ಲಿ ಸಿಕ್ಕ ಜೀನಿಗೆ ಇಂಟ್-1 ಅಂತ ಹೆಸರಿತ್ತು. ಎರಡೂ ಒಂದೇ ಅಂತ ಗೊತ್ತಾದ ಮೇಲೆ ಹೆಸರುಗಳನ್ನು ಬೆಸೆದು ವಿಂಟ್ ಮಾಡಿದರು.

ಮಗು ಬೆಳೆಯುವಾಗ ಮೂಳೆ ಕಟ್ಟಲು ವಿಂಟ್ ಬೇಕೇ ಬೇಕು. ಈ ದಾರಿಯ ನಡುವಿನ ಸುದ್ದಿಗಾರ ಬೀಟಾ-ಕ್ಯಾಟೆನಿನ್. ಪೂರ್ತಿ ಬೆಳೆದ ಇಲಿಗಳ ಕಾರ್ಟಿಲೇಜಿನಲ್ಲಿ ಬೀಟಾ-ಕ್ಯಾಟೆನಿನ್ ಜಾಸ್ತಿ ಮಾಡಿದರೆ ಕೋಶಗಳು ಹಿಗ್ಗಿ, ಮೂಳೆಯ ಕಡೆಗೆ ವಾಲಿ, ಆಸ್ಟಿಯೋಆರ್ಥ್ರೈಟಿಸ್ ಬಂತು. ಸರಿ, ತಡೆದುಬಿಡೋಣ ಅಂತ ಪೂರ್ತಿ ತಡೆದರೆ ಕೋಶಗಳು ಸಾಯತೊಡಗಿದವು, ಕಾರ್ಟಿಲೇಜ್ ಆಗಲೂ ಹಾಳಾಯಿತು. ಜಾಸ್ತಿಯೂ ಬೇಡ, ಕಡಿಮೆಯೂ ಬೇಡ. ನನಗೆ ಈ ಕಾಯಿಲೆಯ ತಿರುಳೇ ಇದು ಅನ್ನಿಸುತ್ತದೆ. ಇಲ್ಲಿ ಕೆಟ್ಟ ಸಿಗ್ನಲ್, ಒಳ್ಳೆ ಸಿಗ್ನಲ್ ಅಂತ ಇಲ್ಲ. ಎಷ್ಟು, ಎಲ್ಲಿ, ಯಾವಾಗ ಎನ್ನುವುದೇ ಮುಖ್ಯ.

ಟಿಜಿಎಫ್-ಬೀಟಾ ಒಳ್ಳೆಯದು ಅಂತ ಒಬ್ಬರು, ಕೆಟ್ಟದ್ದು ಅಂತ ಇನ್ನೊಬ್ಬರು ಹೇಳುತ್ತಾರೆ. ಯಾವುದು ನಿಜ?

ಎರಡೂ ನಿಜ. ಮೇಲೆ ಹೇಳಿದ್ದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದಿಲ್ಲ.

ಆರೋಗ್ಯವಂತ ಕಾರ್ಟಿಲೇಜಿನಲ್ಲಿ ಟಿಜಿಎಫ್-ಬೀಟಾ ಕಾವಲುಗಾರ. ಅದು ಎಎಲ್‌ಕೆ-5 ಎಂಬ ರಿಸೆಪ್ಟರ್‌ಗೆ ಅಂಟಿದಾಗ ಸ್ಮ್ಯಾಡ್-2 ಮತ್ತು ಸ್ಮ್ಯಾಡ್-3 ಎಂಬ ಪ್ರೋಟೀನುಗಳು ಸುದ್ದಿ ಒಯ್ಯುತ್ತವೆ. "ಶಾಂತವಾಗಿರು, ಕೊಲಾಜನ್ ಕಾಪಾಡು, ಅಗ್ರಿಕಾನ್ ಮಾಡು" ಎನ್ನುವುದು ಆ ಸುದ್ದಿ. ಸ್ಮ್ಯಾಡ್-3 ಜೀನಿನಲ್ಲಿ ದೋಷ ಇರುವ ಕೆಲವು ಕುಟುಂಬಗಳಲ್ಲಿ ಚಿಕ್ಕ ವಯಸ್ಸಿಗೇ ಕೀಲು ಹಾಳಾಗುತ್ತದೆ. ಜೊತೆಗೆ ದೊಡ್ಡ ರಕ್ತನಾಳ ಉಬ್ಬುವ ತೊಂದರೆಯೂ ಇರುತ್ತದೆ. 2011ರಲ್ಲಿ ಇದನ್ನು ಗುರುತಿಸಿದರು.

ಅದೇ ಟಿಜಿಎಫ್-ಬೀಟಾ ಎಎಲ್‌ಕೆ-1 ಎಂಬ ಬೇರೆ ರಿಸೆಪ್ಟರ್‌ಗೆ ಅಂಟಿದರೆ ಸುದ್ದಿ ಒಯ್ಯುವವು ಸ್ಮ್ಯಾಡ್-1, 5, 8. ಆಗ ಆಜ್ಞೆ ಉಲ್ಟಾ ಆಗುತ್ತದೆ. ಕೋಶ ಹಿಗ್ಗುತ್ತದೆ, ಎಂಎಂಪಿ-13 ಮಾಡುತ್ತದೆ. ವಯಸ್ಸಾದ ಇಲಿಗಳಲ್ಲಿ ಎರಡೂ ರಿಸೆಪ್ಟರ್ ಕಡಿಮೆ ಆಗುತ್ತವೆ, ಆದರೆ ಎಎಲ್‌ಕೆ-5 ಹೆಚ್ಚು ಬೇಗ ಕಡಿಮೆ ಆಗುತ್ತದೆ. ತಕ್ಕಡಿ ವಾಲುವುದು ಹೀಗೆ. ಬಂದ ಅಣು ಅದೇ, ತಲುಪಿದ ಅರ್ಥ ಬೇರೆ.

ಇನ್ನು ಕಾರ್ಟಿಲೇಜಿನ ಕೆಳಗಿನ ಮೂಳೆಗೆ ಬನ್ನಿ. ಲಿಗಮೆಂಟ್, ಅಂದರೆ ಮೂಳೆಗೆ ಮೂಳೆ ಕಟ್ಟುವ ಪಟ್ಟಿ, ಕತ್ತರಿಸಿದ ಇಲಿಗಳ ಮಂಡಿಯಲ್ಲಿ ಆ ಮೂಳೆಯೊಳಗೆ ಟಿಜಿಎಫ್-ಬೀಟಾ ವಿಪರೀತ ಏರಿತ್ತು ಅಂತ 2013ರಲ್ಲಿ ತೋರಿಸಿದರು. ಮೂಳೆ ಅಡ್ಡಾದಿಡ್ಡಿ ಬೆಳೆದು ಮೇಲಿನ ಕಾರ್ಟಿಲೇಜಿಗೆ ಏಟಾಯಿತು. ಮೂಳೆಯಲ್ಲಿ ಅದನ್ನು ತಡೆದಾಗ ಕಾರ್ಟಿಲೇಜ್ ಉಳಿಯಿತು. ಮೇಲೆ ಬೇಕು, ಕೆಳಗೆ ಬೇಡ, ನಡುವಿನ ಅಂತರ ಕೆಲವೇ ಮಿಲಿಮೀಟರ್. ಇಡೀ ದೇಹಕ್ಕೆ ಹೋಗುವ ಒಂದು ಮಾತ್ರೆ ಇದನ್ನು ಹೇಗೆ ಸಂಭಾಳಿಸಬೇಕು?

ಮೈಭಾರ ಬಿದ್ದದ್ದು ಒಂದು ಜೀವಕೋಶಕ್ಕೆ ಹೇಗೆ ಗೊತ್ತಾಗುತ್ತದೆ?

ಕೋಶದ ಪೊರೆಯಲ್ಲಿ ಪುಟ್ಟ ಬಾಗಿಲುಗಳಿವೆ. ಪೊರೆ ಹಿಗ್ಗಿದಾಗ, ಬಾಗಿದಾಗ ಅವು ತೆರೆದುಕೊಳ್ಳುತ್ತವೆ, ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಕ್ಯಾಲ್ಸಿಯಂ ನುಗ್ಗಿದ್ದೇ ಸುದ್ದಿ. ಇಂಥ ಬಾಗಿಲುಗಳಲ್ಲಿ ಪಿಯಜೋ-1, ಪಿಯಜೋ-2 ಮುಖ್ಯವಾದವು. ಇವನ್ನು 2010ರಲ್ಲಿ ಆರ್ಡೆಮ್ ಪಟಪೌಟಿಯನ್ ಅವರ ತಂಡ ಕಂಡುಹಿಡಿಯಿತು. 2021ರ ವೈದ್ಯಕೀಯ ನೊಬೆಲ್ ಅವರಿಗೂ ಡೇವಿಡ್ ಜೂಲಿಯಸ್ ಅವರಿಗೂ ಬಂತು.

ಕಾಂಡ್ರೋಸೈಟಿನಲ್ಲಿ ಟಿಆರ್‌ಪಿವಿ-4 ಅಂತ ಇನ್ನೊಂದು ಬಾಗಿಲಿದೆ. ಅದು ದಿನನಿತ್ಯದ ಹದವಾದ ಒತ್ತಡಕ್ಕೆ ತೆರೆದುಕೊಳ್ಳುತ್ತದೆ, ಅಗ್ರಿಕಾನ್ ಮತ್ತು ಕೊಲಾಜನ್ ತಯಾರಿಕೆಗೆ ನೆರವಾಗುತ್ತದೆ. ಪಿಯಜೋ ಬಾಗಿಲುಗಳು ಜೋರಾದ ಪೆಟ್ಟಿಗೆ ತೆರೆದುಕೊಳ್ಳುತ್ತವೆ. ಆಗ ನುಗ್ಗುವ ಕ್ಯಾಲ್ಸಿಯಂ ಕೋಶವನ್ನು ಸಾಯಿಸಲೂಬಹುದು. ಅಂದರೆ ಮೆಲ್ಲಗೆ ತಟ್ಟುವುದಕ್ಕೂ ಗುದ್ದುವುದಕ್ಕೂ ಇರುವ ವ್ಯತ್ಯಾಸ ಒಂದು ಕೋಶಕ್ಕೂ ಗೊತ್ತು.

ಹಾಗಾದರೆ ನಡೆಯಬೇಕಾ, ಸುಮ್ನೆ ಕೂರಬೇಕಾ?

ನಡೆಯಬೇಕು. ಇದನ್ನು ನಾನು ಬರೀ ಧೈರ್ಯ ತುಂಬಲು ಹೇಳುತ್ತಿಲ್ಲ.

ಪ್ರಯೋಗಾಲಯದಲ್ಲಿ ಕಾಂಡ್ರೋಸೈಟುಗಳಿಗೆ ಇಂಟರ್‌ಲ್ಯುಕಿನ್-1 ಕೊಟ್ಟು, ಜೊತೆಗೆ ಹದವಾಗಿ, ಲಯವಾಗಿ ಹಿಗ್ಗಿಸಿ ಕುಗ್ಗಿಸಿ ನೋಡಿದ್ದಾರೆ. ಚಲನೆ ಇದ್ದಾಗ ಎನ್‌ಎಫ್-ಕಪ್ಪಾ-ಬಿ ಅಷ್ಟಾಗಿ ಏಳುವುದಿಲ್ಲ, ಕತ್ತರಿ ಕಿಣ್ವಗಳೂ ಕಡಿಮೆ. ಒತ್ತಡ ವಿಪರೀತ ಆದರೆ ಚಲನೆಯೇ ಎನ್‌ಎಫ್-ಕಪ್ಪಾ-ಬಿಯನ್ನು ಎಬ್ಬಿಸುತ್ತದೆ. ಇನ್ನೊಂದು ಕಡೆ, ಬೆನ್ನುಹುರಿಗೆ ಪೆಟ್ಟು ಬಿದ್ದು ಕಾಲು ಆಡಿಸಲಾಗದವರ ಮಂಡಿಯ ಕಾರ್ಟಿಲೇಜ್ ಒಂದೇ ವರ್ಷದೊಳಗೆ ತೆಳುವಾಗುವುದು ಎಂಆರ್‌ಐನಲ್ಲಿ ಕಂಡಿದೆ. ಅಲ್ಲಿ ತಿಕ್ಕಾಟವೇ ಇಲ್ಲ, ಆದರೂ ತೆಳುವಾಯಿತು. ಸವೆತದ ಲೆಕ್ಕಾಚಾರ ಇಲ್ಲಿ ಕೈಕೊಡುತ್ತದೆ.

ಜೊತೆಗೆ ಆ ಹಿಂಡಿಕೊಳ್ಳುವ ನೀರನ್ನು ನೆನಪಿಸಿಕೊಳ್ಳಿ. ರಕ್ತನಾಳ ಇಲ್ಲದ ಜಾಗದಲ್ಲಿ ದ್ರವ ಒಳಗೆ ಹೊರಗೆ ಓಡಾಡಲು ಚಲನೆ ಬೇಕು. ಕೆಲಸದ ನಡುವೆ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿದರೂ ಕೀಲು ಬಿಗಿಯಾಗುವುದು ತಗ್ಗುತ್ತದೆ. ತೊಡೆಯ ಸ್ನಾಯು ಗಟ್ಟಿಯಾದಷ್ಟೂ ಮಂಡಿಗೆ ಆಸರೆ ಜಾಸ್ತಿ. ವ್ಯಾಯಾಮ ಮಾಡಿದಾಗ ಸ್ವಲ್ಪ ನೋವಾದರೆ ಕೀಲು ಹಾಳಾಯಿತು ಅಂತ ಅರ್ಥವಲ್ಲ. ಆದರೆ ಮರುದಿನಕ್ಕೂ ನೋವು ಏರಿಯೇ ಇದ್ದರೆ, ಊತ ಬಂದರೆ, ಪ್ರಮಾಣ ತಗ್ಗಿಸಿ. ಎಷ್ಟು ಮಾಡಬೇಕು ಎನ್ನುವುದನ್ನು ಫಿಸಿಯೋಥೆರಪಿಸ್ಟ್ ಜೊತೆ ಕೂತು ನಿರ್ಧರಿಸಿದರೆ ಒಳ್ಳೆಯದು. ಅಮ್ಮ ಕೂಡ ಕೊನೆಗೆ ಹಾಗೇ ಮಾಡಿದರು. ಕುರ್ಚಿಯಿಂದ ಕೈ ಊರದೆ ಏಳುವುದರಿಂದ ಶುರು ಮಾಡಿ, ಈಗ ಮೆಟ್ಟಿಲು ಹತ್ತುತ್ತಾರೆ.

ತೂಕ ಜಾಸ್ತಿ ಇದ್ದರೆ ಮಂಡಿ ಮೇಲೆ ಭಾರ, ಅಷ್ಟೇ ತಾನೇ?

ಭಾರವೂ ಹೌದು. ಮಂಡಿ ನೋವಿರುವವರು ಒಂದು ಕಿಲೋ ತೂಕ ಇಳಿಸಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋದಷ್ಟು ಇಳಿಯುತ್ತದೆ ಅಂತ 2005ರ ಒಂದು ಅಧ್ಯಯನ ಲೆಕ್ಕ ಹಾಕಿತು.

ಆದರೆ ದಪ್ಪ ಇರುವವರಲ್ಲಿ ಕೈಬೆರಳಿನ ಕೀಲುಗಳಿಗೂ ಈ ಕಾಯಿಲೆ ಹೆಚ್ಚು. ಬೆರಳ ಮೇಲೆ ಯಾರೂ ನಡೆಯುವುದಿಲ್ಲ ಅಲ್ವಾ? ಕೊಬ್ಬಿನ ಅಂಗಾಂಶ ಸುಮ್ಮನೆ ಕೂತಿರುವ ಮೂಟೆಯಲ್ಲ. ಅದು ಲೆಪ್ಟಿನ್‌ನಂಥ ಅಣುಗಳನ್ನು ರಕ್ತಕ್ಕೆ ಬಿಡುತ್ತಲೇ ಇರುತ್ತದೆ. ಅವು ಕೀಲಿನಲ್ಲಿ ಉರಿಯೂತದ ದಾರಿಗಳನ್ನು ಎಬ್ಬಿಸುತ್ತವೆ. 2021ರಲ್ಲಿ ಬಂದ ಇಲಿಗಳ ಅಧ್ಯಯನ ಇದನ್ನು ಚೆನ್ನಾಗಿ ತೋರಿಸಿತು. ಕೊಬ್ಬಿನ ಅಂಗಾಂಶವೇ ಇಲ್ಲದೆ ಹುಟ್ಟಿದ ಇಲಿಗಳಿಗೆ, ತೂಕ ಕಡಿಮೆ ಇಲ್ಲದಿದ್ದರೂ, ಮಂಡಿಗೆ ಪೆಟ್ಟಾದ ಮೇಲೂ ಕಾರ್ಟಿಲೇಜ್ ಅಷ್ಟಾಗಿ ಹಾಳಾಗಲಿಲ್ಲ. ಅವುಗಳಿಗೆ ಬೇರೆ ಇಲಿಯ ಸ್ವಲ್ಪ ಕೊಬ್ಬು ಕಸಿ ಮಾಡಿದಾಗ ಮತ್ತೆ ಹಾಳಾಗತೊಡಗಿತು.

ವಯಸ್ಸಾದರೆ ಈ ದಾರಿಗಳಿಗೆ ಏನಾಗುತ್ತದೆ?

ಮೂರು ಸಂಗತಿ ಹೇಳುತ್ತೇನೆ. ಕೋಶ ತನ್ನೊಳಗಿನ ಕಸವನ್ನು ತಾನೇ ಅರಗಿಸಿಕೊಳ್ಳುವ ಕೆಲಸಕ್ಕೆ ಆಟೋಫಜಿ ಅಂತ ಹೆಸರು. ವಯಸ್ಸಾದಂತೆ ಕಾರ್ಟಿಲೇಜಿನಲ್ಲಿ ಎಂಟಾರ್ ಎಂಬ ಸಿಗ್ನಲ್ ಏರಿ ಈ ಸ್ವಚ್ಛತೆ ಕುಗ್ಗುತ್ತದೆ.

ಎರಡನೆಯದು, ಕೆಲವು ಕೋಶಗಳು ವಿಭಜನೆ ನಿಲ್ಲಿಸುತ್ತವೆ, ಸಾಯುವುದೂ ಇಲ್ಲ. ಕೂತಲ್ಲೇ ಕೂತು ಉರಿಯೂತದ ಅಣುಗಳನ್ನು ಹೊರಹಾಕುತ್ತಾ ನೆರೆಯವರನ್ನೂ ಕೆಡಿಸುತ್ತವೆ. ಇಲಿಗಳಲ್ಲಿ ಇಂಥ ಮುದಿ ಕೋಶಗಳನ್ನು ತೆಗೆದಾಗ ಕೀಲು ಸುಧಾರಿಸಿತು. ಅದೇ ಉದ್ದೇಶದ ಯುಬಿಎಕ್ಸ್-0101 ಎಂಬ ಔಷಧವನ್ನು ಮನುಷ್ಯರ ಮಂಡಿಗೆ ಚುಚ್ಚಿದಾಗ ಔಷಧವಿಲ್ಲದ ಡಮ್ಮಿ ಚುಚ್ಚುಮದ್ದಿಗಿಂತ ನೋವೇನೂ ಹೆಚ್ಚು ಇಳಿಯಲಿಲ್ಲ. 2020ರಲ್ಲಿ ಆ ಫಲಿತಾಂಶ ಬಂತು.

ಮೂರನೆಯದು ನನಗೆ ಬಹಳ ಇಷ್ಟವಾದದ್ದು. ಕಾರ್ಟಿಲೇಜಿಗೂ ಹಗಲು ರಾತ್ರಿಯ ಗಡಿಯಾರ ಇದೆ. ಬಿಮ್ಯಾಲ್-1 ಎಂಬ ಜೀನ್ ಅದರ ಮುಖ್ಯ ಚಕ್ರ. ಇಲಿಯ ಕಾಂಡ್ರೋಸೈಟುಗಳಲ್ಲಿ ಮಾತ್ರ ಅದನ್ನು ತೆಗೆದರೂ ಕಾರ್ಟಿಲೇಜ್ ಕ್ರಮೇಣ ಹಾಳಾಗುತ್ತದೆ. ಕತ್ತಲು ಬೆಳಕು ಕಾಣದ ಗೂಡಿನಲ್ಲಿ ಕೂತ ಕೋಶಕ್ಕೂ ಹೊತ್ತು ಗೊತ್ತಿರುತ್ತದೆ.

ಚಿಕ್ಕ ವಯಸ್ಸಿನಲ್ಲಿ ಲಿಗಮೆಂಟ್ ಹರಿದಿತ್ತು. ಆಪರೇಷನ್ ಆಗಿದೆ. ಆದರೂ ಭಯ ಇದೆಯಾ?

ಎಚ್ಚರ ಇರಲಿ. ಎಸಿಎಲ್ (ಮಂಡಿಯೊಳಗಿನ ಒಂದು ಮುಖ್ಯ ಲಿಗಮೆಂಟ್) ಅಥವಾ ಮೆನಿಸ್ಕಸ್ (ಮಂಡಿಯ ಎರಡು ಮೂಳೆಗಳ ನಡುವಿನ ಮೆತ್ತೆ) ಹರಿದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ 10ರಿಂದ 20 ವರ್ಷಗಳಲ್ಲಿ ಕಾಯಿಲೆ ಕಾಣಿಸುತ್ತದೆ. ಪೆಟ್ಟು ಬಿದ್ದ ಗಂಟೆಗಳಲ್ಲೇ ಸಿಗ್ನಲ್‌ಗಳು ಏಳುತ್ತವೆ, ಆಪರೇಷನ್ ಲಿಗಮೆಂಟನ್ನು ಕಟ್ಟುತ್ತದೆ, ಆ ಸುದ್ದಿಯನ್ನು ಹಿಂದಕ್ಕೆ ಕರೆಯುವುದಿಲ್ಲ. ತೂಕ ಮತ್ತು ತೊಡೆಯ ಬಲ, ಇವೆರಡರ ಮೇಲೆ ಕಣ್ಣಿಡಿ.

ಕಾರ್ಟಿಲೇಜಿನಲ್ಲಿ ನರವೇ ಇಲ್ಲ ಅಂದಿರಿ. ಮತ್ತೆ ಇಷ್ಟು ನೋವು ಎಲ್ಲಿಂದ?

ಸುತ್ತಲಿನ ಎಲ್ಲದರಿಂದ: ಒಳಪೊರೆ, ಮೂಳೆ, ಅಂಚಿನ ಅಂಗಾಂಶ. ಉರಿಯೂತ ಇರುವ ಕೀಲಿನಲ್ಲಿ ಎನ್‌ಜಿಎಫ್ ಎಂಬ ನರ ಬೆಳೆಸುವ ಅಣು ಏರುತ್ತದೆ. ಅದು ನರಗಳನ್ನು ಸೂಕ್ಷ್ಮ ಮಾಡುತ್ತದೆ, ಮೊದಲು ನರ ಇಲ್ಲದಿದ್ದ ಜಾಗಕ್ಕೂ ನರ ಚಾಚುವಂತೆ ಮಾಡುತ್ತದೆ. ಎಕ್ಸ್‌ರೇಯಲ್ಲಿ ಕಾಣುವುದಕ್ಕೂ ನೋವಿಗೂ ತಾಳೆಯಾಗದೆ ಇರಲು ಇದೂ ಒಂದು ಕಾರಣ. ನಿಮ್ಮ ನೋವು ದೊಡ್ಡದು, ಎಕ್ಸ್‌ರೇ ಸಾಧಾರಣ ಅಂತಾದರೆ ನೋವು ಸುಳ್ಳಲ್ಲ.

ಎನ್‌ಜಿಎಫ್ ತಡೆಯುವ ಟನೆಜುಮಾಬ್ ಎಂಬ ಔಷಧ ನೋವನ್ನು ನಿಜಕ್ಕೂ ಇಳಿಸಿತು. ಆದರೆ ಅದನ್ನು ತೆಗೆದುಕೊಂಡ ಕೆಲವರಲ್ಲಿ ಕೀಲು ಬಹಳ ಬೇಗ ಹಾಳಾಯಿತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಸಲಹಾ ಸಮಿತಿ 2021ರ ಮಾರ್ಚ್‌ನಲ್ಲಿ 19ಕ್ಕೆ 1 ಮತದಿಂದ ಅದನ್ನು ಬೇಡ ಅಂದಿತು. ಆ ವರ್ಷವೇ ಅದರ ಕೆಲಸ ನಿಂತಿತು.

ಇಷ್ಟೆಲ್ಲ ಗೊತ್ತಿದ್ದೂ ಕಾಯಿಲೆಯನ್ನೇ ನಿಲ್ಲಿಸುವ ಔಷಧ ಯಾಕಿಲ್ಲ?

ಈ ಪ್ರಶ್ನೆ ಕೇಳುವಾಗ ಜನರ ದನಿಯಲ್ಲಿ ನೋವಿರುತ್ತದೆ. ಪ್ರಯತ್ನ ಪಟ್ಟಿಲ್ಲ ಅಂತಲ್ಲ.

ಇಂಟರ್‌ಲ್ಯುಕಿನ್-1 ತಡೆಯುವ ಲುಟಿಕಿಜುಮಾಬ್ ಮಂಡಿ ಕಾಯಿಲೆಯಲ್ಲಿ ಹೇಳಿಕೊಳ್ಳುವಂಥ ಫಲ ಕೊಡಲಿಲ್ಲ. ಎಡಿಎಎಂಟಿಎಸ್-5 ಇಲ್ಲದ ಇಲಿಗಳ ಕಾರ್ಟಿಲೇಜ್ ಉಳಿಯುತ್ತದೆ ಅಂತ 2005ರಲ್ಲಿ ಗೊತ್ತಾದಾಗ ದೊಡ್ಡ ಆಸೆ ಹುಟ್ಟಿತ್ತು. ಆ ಕತ್ತರಿಯನ್ನೇ ತಡೆಯುವ ಮಾತ್ರೆಯನ್ನು ಜನರಿಗೆ ಕೊಟ್ಟು ನೋಡಿದರು, ಕಾರ್ಟಿಲೇಜ್ ತೆಳುವಾಗುವುದು ನಿಲ್ಲಲಿಲ್ಲ. ವಿಂಟ್ ದಾರಿಯನ್ನು ಹದಗೊಳಿಸುವ ಲೊರೆಸಿವಿವಿಂಟ್ ಮೂರನೇ ಹಂತದ ಪರೀಕ್ಷೆಯಲ್ಲಿ ಮುಖ್ಯ ಗುರಿ ಮುಟ್ಟಲಿಲ್ಲ.

ಸ್ಪ್ರಿಫರ್ಮಿನ್ ಕಥೆ ಸ್ವಲ್ಪ ಬೇರೆ. ಇದು ಎಫ್‌ಜಿಎಫ್-18 ಎಂಬ ಬೆಳವಣಿಗೆಯ ಅಣುವಿನ ರೂಪ. "ಕಟ್ಟು" ಎನ್ನುವ ಸಿಗ್ನಲ್ ಕೊಡುತ್ತದೆ. 2019ರಲ್ಲಿ ಬಂದ ಫಲಿತಾಂಶದಲ್ಲಿ, ಹೆಚ್ಚಿನ ಪ್ರಮಾಣ ಪಡೆದವರ ಮಂಡಿಯ ಕಾರ್ಟಿಲೇಜ್ ಎರಡು ವರ್ಷದಲ್ಲಿ ಡಮ್ಮಿ ಪಡೆದವರಿಗಿಂತ 0.05 ಮಿಲಿಮೀಟರ್ ದಪ್ಪ ಇತ್ತು. ನಿಜವಾಗಿ ಬೆಳೆಯಿತು! ಆದರೆ ನೋವಿನಲ್ಲಿ ಡಮ್ಮಿಗಿಂತ ಗಟ್ಟಿಯಾದ ವ್ಯತ್ಯಾಸ ಕಾಣಲಿಲ್ಲ.

ಇದಕ್ಕೆಲ್ಲ ನನಗೆ ತೋಚುವ ಕಾರಣಗಳು ಇವು. ದಾರಿಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಇಲಿಯಲ್ಲಿ ಕಾಯಿಲೆ ವಾರಗಳಲ್ಲಿ ಬರುತ್ತದೆ, ನಮ್ಮಲ್ಲಿ ದಶಕಗಳು ಹಿಡಿಯುತ್ತದೆ. ನಾವು ಔಷಧ ಕೊಡುವ ಹೊತ್ತಿಗೆ ಬಲೆ ಹರಿದಾಗಿರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಆಸ್ಟಿಯೋಆರ್ಥ್ರೈಟಿಸ್ ಎನ್ನುವುದು ಒಂದೇ ಕಾಯಿಲೆ ಇರಲಿಕ್ಕಿಲ್ಲ. ಒಬ್ಬರಲ್ಲಿ ಉರಿಯೂತ ಮುಂದೆ, ಇನ್ನೊಬ್ಬರಲ್ಲಿ ಮೂಳೆ ಮುಂದೆ, ಮತ್ತೊಬ್ಬರಲ್ಲಿ ತೂಕ ಮುಂದೆ. ಎಲ್ಲರನ್ನೂ ಒಂದೇ ಗುಂಪಿಗೆ ಸೇರಿಸಿ ಒಂದೇ ಬಾಗಿಲು ಮುಚ್ಚಿದರೆ ಕೆಲವರಿಗೆ ಮಾತ್ರ ಅನುಕೂಲ ಆಗಬಹುದು, ಸರಾಸರಿಯಲ್ಲಿ ಅದು ಕಳೆದುಹೋಗುತ್ತದೆ.

ಕರ್ಕ್ಯುಮಿನ್, ಗ್ಲುಕೋಸಮೈನ್ ಮಾತ್ರೆ ಎನ್‌ಎಫ್-ಕಪ್ಪಾ-ಬಿಯನ್ನು ತಡೆಯುತ್ತದೆ ಅಂತ ಡಬ್ಬಿ ಮೇಲೆ ಬರೆದಿದ್ದಾರೆ.

ಪ್ರಯೋಗಾಲಯದ ಬಟ್ಟಲಿನಲ್ಲಿ ತಡೆಯುವುದು ನಿಜ. ಬಟ್ಟಲಿನಲ್ಲಿ ಕೋಶದ ಮೇಲೆ ನೇರ ಸುರಿಯುತ್ತಾರೆ. ಬಾಯಿಂದ ತೆಗೆದುಕೊಂಡ ಕರ್ಕ್ಯುಮಿನ್, ಅಂದರೆ ಅರಿಶಿನದ ಸತ್ವ, ರಕ್ತಕ್ಕೆ ಸೇರುವುದೇ ತೀರ ಕಡಿಮೆ. ಗ್ಲುಕೋಸಮೈನ್ ಮತ್ತು ಅದರ ಜೊತೆ ಮಾರುವ ಕಾಂಡ್ರಾಯ್ಟಿನ್ ಬಗ್ಗೆ 2006ರಲ್ಲಿ 1,583 ಜನರ ಮೇಲೆ ನಡೆದ ದೊಡ್ಡ ಪರೀಕ್ಷೆಯ ಫಲಿತಾಂಶ ಬಂತು. ಒಟ್ಟಾರೆ ಗುಂಪಿನಲ್ಲಿ ಡಮ್ಮಿ ಮಾತ್ರೆಗಿಂತ ಹೆಚ್ಚಿನ ಫಲ ಸಿಗಲಿಲ್ಲ. ತೆಗೆದುಕೊಳ್ಳಲೇಬೇಕು ಅಂತಿದ್ದರೆ ನಿಮ್ಮ ವೈದ್ಯರಿಗೆ ಹೇಳಿ ತೆಗೆದುಕೊಳ್ಳಿ, ಮುಖ್ಯವಾಗಿ ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ.

ಅಮ್ಮನಿಗಿತ್ತು, ನನಗೂ ಬರುತ್ತದಾ?

ಸಾಧ್ಯತೆ ಜಾಸ್ತಿ, ಖಾತ್ರಿ ಇಲ್ಲ. 2025ರಲ್ಲಿ ಸುಮಾರು 20 ಲಕ್ಷ ಜನರ ಜೀನ್‌ಗಳನ್ನು ಹೋಲಿಸಿದ ಅಧ್ಯಯನ ಪ್ರಕಟವಾಯಿತು. ಈ ಕಾಯಿಲೆಗೆ ನಂಟಿರುವ 962 ಗುರುತುಗಳು ಸಿಕ್ಕವು. ಒಂದೊಂದರ ಪಾಲು ಚಿಕ್ಕದು. ಆದರೆ ಅವು ಬೊಟ್ಟು ಮಾಡಿದ ದಾರಿಗಳನ್ನು ನೋಡಿ: ಟಿಜಿಎಫ್-ಬೀಟಾ, ಎಫ್‌ಜಿಎಫ್, ವಿಂಟ್, ಹಗಲು ರಾತ್ರಿಯ ಗಡಿಯಾರ. ಕೋಶಗಳನ್ನು ನೋಡುತ್ತಾ ಬಂದವರೂ ಜೀನ್‌ಗಳನ್ನು ಎಣಿಸುತ್ತಾ ಬಂದವರೂ ಕೊನೆಗೆ ಒಂದೇ ಬೀದಿಯಲ್ಲಿ ಎದುರುಬದುರಾದರು.

ಈಗ ಆಸೆ ಇಟ್ಟುಕೊಳ್ಳುವಂಥದ್ದು ಏನಾದರೂ ಇದೆಯಾ?

ಇದೆ. ತೂಕ ಇಳಿಸುವ ಸೆಮಾಗ್ಲುಟೈಡ್ ಚುಚ್ಚುಮದ್ದು, ಬೊಜ್ಜು ಮತ್ತು ಮಂಡಿ ಕಾಯಿಲೆ ಎರಡೂ ಇದ್ದವರಲ್ಲಿ ನೋವನ್ನು ಡಮ್ಮಿಗಿಂತ ಸ್ಪಷ್ಟವಾಗಿ ಇಳಿಸಿತು. 2024ರಲ್ಲಿ ಆ ವರದಿ ಬಂತು. ಬೆರಳುಗಳ ಕೀಲಿನಲ್ಲಿ ಉರಿಯೂತ ಎದ್ದು ಕಾಣುವವರಿಗೆ ಮೆಥೊಟ್ರೆಕ್ಸೇಟ್ ನೋವು ತಗ್ಗಿಸಿತು ಅಂತ 2023ರ ಅಧ್ಯಯನ ಹೇಳಿತು. ಸರಿಯಾದ ಗುಂಪನ್ನು ಆರಿಸಿಕೊಂಡರೆ ಫಲ ಸಿಗುತ್ತದೆ ಎನ್ನುವುದಕ್ಕೆ ಇವೆರಡೂ ಸಾಕ್ಷಿ. ಇವು ನೋವಿನ ಲೆಕ್ಕ, ಕಾರ್ಟಿಲೇಜ್ ಮತ್ತೆ ಬೆಳೆಯಿತು ಅಂತ ಅಲ್ಲ. ಇವನ್ನು ಸ್ವಂತವಾಗಿ ಕೊಂಡು ತೆಗೆದುಕೊಳ್ಳುವಂತಿಲ್ಲ.

ನನ್ನ ಕೀಲಿನಲ್ಲಿ ಯಾವ ದಾರಿ ಕೆಟ್ಟಿದೆ ಅಂತ ರಕ್ತ ಪರೀಕ್ಷೆಯಲ್ಲಿ ತಿಳಿಯಬಹುದಾ?

ಆಸ್ಪತ್ರೆಯಲ್ಲಿ ದಿನನಿತ್ಯ ಬಳಸುವಂಥ ಪರೀಕ್ಷೆ ಇನ್ನೂ ಇಲ್ಲ. ಹಾಗಂತ ಯಾರಾದರೂ ದುಬಾರಿ ಪ್ಯಾಕೇಜ್ ತೋರಿಸಿದರೆ ದುಡ್ಡು ಕೊಡಬೇಡಿ. ರಕ್ತ ಪರೀಕ್ಷೆ ಬರೆದುಕೊಟ್ಟರೆ ಅದು ಹೆಚ್ಚಾಗಿ ರುಮಟಾಯ್ಡ್ ಆರ್ಥ್ರೈಟಿಸ್, ಗೌಟ್‌ನಂಥ ಬೇರೆ ಕಾಯಿಲೆ ಅಲ್ಲ ಅಂತ ಖಚಿತ ಮಾಡಿಕೊಳ್ಳಲು. ಕೀಲು ದಿಢೀರನೆ ಊದಿ ಬಿಸಿಯಾಗಿ ಕೆಂಪಾದರೆ, ಜೊತೆಗೆ ಜ್ವರ ಬಂದರೆ, ಅದನ್ನು ಸವೆತ ಅಂದುಕೊಂಡು ಮನೆಯಲ್ಲಿ ಕೂರಬೇಡಿ. ಅದು ಸೋಂಕು ಇರಬಹುದು. ಅದೇ ದಿನ ವೈದ್ಯರ ಹತ್ತಿರ ಹೋಗಿ.